ವಸಡಿನ ಬ್ಯಾಕ್ಟೀರಿಯಾ ಮತ್ತು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್: ನಂಟು ಎಷ್ಟು ಗಟ್ಟಿ?

ಶಿರಸಿಯ_ಅಣ್ಣ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಎಚ್‌ಎಲ್‌ಎ-ಬಿ27 ಎಂಬ ಜೀನಿನ ಪರೀಕ್ಷೆ ಪಾಸಿಟಿವ್ ಬಂದು, ಎಂಆರ್‌ಐನಲ್ಲಿ ಸೊಂಟದ ಸ್ಯಾಕ್ರೊಇಲಿಯಾಕ್ ಕೀಲುಗಳಲ್ಲಿ ಉರಿಯೂತ ಕಂಡ ಮೇಲೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಎಎಸ್), ಅಂದರೆ ಬೆನ್ನುಮೂಳೆಯ ಕೀಲುಗಳ ದೀರ್ಘಕಾಲದ ಉರಿಯೂತ, ಎಂದು ಖಚಿತವಾಯಿತು. ಈಗ ನೋವಿನ ಮಾತ್ರೆಯ ಜೊತೆಗೆ ಉರಿಯೂತ ತಗ್ಗಿಸುವ ಅಡಾಲಿಮುಮ್ಯಾಬ್ ಚುಚ್ಚುಮದ್ದು ನಡೆಯುತ್ತಿದ್ದು, ಬೆನ್ನು ಬಹುಮಟ್ಟಿಗೆ ಹತೋಟಿಯಲ್ಲಿದೆ. ಆದರೆ ಹಲ್ಲುಜ್ಜುವಾಗ ರಕ್ತ ಬರುತ್ತದೆಂದು ತೋರಿಸಲು ಹೋದಾಗ, ವಸಡಿನ ರೋಗ, ಅಂದರೆ ಪೆರಿಯೊಡಾಂಟೈಟಿಸ್, ಮಧ್ಯಮ ಹಂತಕ್ಕೆ ಬಂದಿದೆ ಎಂದು ದಂತವೈದ್ಯರು ಹೇಳಿದರು. ಇದನ್ನು ಕೇಳಿದ ನೆಂಟರೊಬ್ಬರು ಒಂದು ವಿಡಿಯೊ ಕಳುಹಿಸಿದ್ದಾರೆ. ಬೆನ್ನುಮೂಳೆಯ ಕಾಯಿಲೆಗೆ ಬಾಯಿಯ ಬ್ಯಾಕ್ಟೀರಿಯಾವೇ ಮೂಲವೆಂದೂ, ವಸಡು ವಾಸಿಯಾದರೆ ಚುಚ್ಚುಮದ್ದನ್ನೇ ನಿಲ್ಲಿಸಬಹುದೆಂದೂ ಅದರಲ್ಲಿ ಅಡಿಗಡಿಗೆ ಹೇಳಲಾಗಿದೆ. ಚುಚ್ಚುಮದ್ದಿನ ಖರ್ಚು ನೋಡಿದರೆ ಇಂಥ ಮಾತಿಗೆ ಮನಸ್ಸು ಸೋಲುವುದು ಸಹಜ. ಇದರಲ್ಲಿ ನಿಜವೆಷ್ಟು ಎಂಬುದನ್ನು ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ದಂತವೈದ್ಯೆ_ಧಾರವಾಡ

ನಾನು ವಸಡಿನ ರೋಗಗಳ ವಿಭಾಗದಲ್ಲಿ ಪಾಠ ಮಾಡುವವಳು. ಆದ್ದರಿಂದ ಬಾಯಿಯ ಕಡೆಯಿಂದಲೇ ಆರಂಭಿಸುತ್ತೇನೆ.

ಮನುಷ್ಯರ ಬಾಯಿಯಲ್ಲಿ 700ಕ್ಕೂ ಹೆಚ್ಚು ಬಗೆಯ ಬ್ಯಾಕ್ಟೀರಿಯಾಗಳನ್ನು ಗುರುತಿಸಲಾಗಿದೆ. ಬಹುಪಾಲು ನಿರುಪದ್ರವಿಗಳು. ಹಲ್ಲು ಮತ್ತು ವಸಡು ಸೇರುವ ಅಂಚಿನಲ್ಲಿ ಪಾಚಿ ಕಟ್ಟಿ, ಅದು ತೆಗೆಯದೆ ಉಳಿದು ಗಟ್ಟಿಯಾದಾಗ, ಆಮ್ಲಜನಕವಿಲ್ಲದೆ ಬದುಕುವ ಜಾತಿಗಳು ಅಲ್ಲಿ ಮೇಲುಗೈ ಪಡೆಯುತ್ತವೆ. ಪಾರ್ಫಿರೊಮೊನಾಸ್ ಜಿಂಜಿವಾಲಿಸ್, ಟ್ಯಾನರೆಲ್ಲಾ ಫಾರ್ಸಿಥಿಯಾ, ಟ್ರೆಪೊನೆಮಾ ಡೆಂಟಿಕೋಲಾ ಎಂಬ ಮೂರು ಜಾತಿಗಳು ಹಲ್ಲು ಮತ್ತು ವಸಡಿನ ನಡುವಿನ ಆಳವಾದ ಸಂದುಗಳಲ್ಲಿ ಮತ್ತೆ ಮತ್ತೆ ಒಟ್ಟಿಗೇ ಸಿಗುತ್ತವೆ. ಪ್ರತಿ ಹಲ್ಲಿನ ಸುತ್ತ ಆರು ಕಡೆ ಸಪೂರವಾದ ಪ್ರೋಬ್ ಇಳಿಸಿ ನಾವು ಆಳವನ್ನು ಅಳೆಯುತ್ತೇವೆ. 1ರಿಂದ 3 ಮಿ.ಮೀ. ಇದ್ದರೆ ಸರಿ. 4 ಮಿ.ಮೀ. ಮತ್ತು ಅದಕ್ಕಿಂತ ಹೆಚ್ಚು ಆಳವಿದ್ದು, ಪ್ರೋಬ್ ತೆಗೆದ ಮೇಲೆ ಆ ಜಾಗದಲ್ಲಿ ರಕ್ತದ ಚುಕ್ಕೆ ಮೂಡಿದರೆ ಅಲ್ಲಿ ಉರಿಯೂತ ನಡೆದಿದೆ ಎಂದೇ ಅರ್ಥ. ರೋಗ ಮುಂದುವರಿದಂತೆ ಹಲ್ಲನ್ನು ಹಿಡಿದಿರುವ ಮೂಳೆಯೇ ಕರಗುತ್ತದೆ.

ಈ ಸಂದುಗಳ ಒಳಪೊರೆ ಹುಣ್ಣಾಗಿರುವುದರಿಂದ, ಊಟ ಮಾಡುವಾಗ ಮತ್ತು ಹಲ್ಲುಜ್ಜುವಾಗ ಬ್ಯಾಕ್ಟೀರಿಯಾಗಳು ಸ್ವಲ್ಪ ಹೊತ್ತು ರಕ್ತಕ್ಕೆ ಸೇರುತ್ತವೆ. ಅದಕ್ಕೆ ಪ್ರತಿಯಾಗಿ ಐಎಲ್-6ರಂಥ ಸಂಕೇತದ ಪ್ರೋಟೀನುಗಳು ಹೆಚ್ಚಿ, ಯಕೃತ್ತು ರಕ್ತದಲ್ಲಿ ಉರಿಯೂತವನ್ನು ತೋರಿಸುವ ಪ್ರೋಟೀನಾದ ಸಿಆರ್‌ಪಿಯನ್ನು ತಯಾರಿಸುತ್ತದೆ. ವಸಡಿನ ರೋಗವು ಇಡೀ ದೇಹದ ಉರಿಯೂತಕ್ಕೆ ತನ್ನ ಪಾಲನ್ನು ಸೇರಿಸುತ್ತದೆ ಎಂಬುದರಲ್ಲಿ ಅನುಮಾನವಿಲ್ಲ.

ಈಗ ಬೆನ್ನಿನ ವಿಷಯ. 2010ರಲ್ಲಿ ಜರ್ಮನಿಯಿಂದ ಬಂದ ಅಧ್ಯಯನವೊಂದು, ಎಎಸ್ ಇರುವವರಲ್ಲಿ ವಸಡು ಹಲ್ಲಿನಿಂದ ಬಿಟ್ಟುಕೊಳ್ಳುವುದು ಹೆಚ್ಚೆಂದು ತೋರಿಸಿತು. ತೈವಾನಿನ ಆರೋಗ್ಯ ವಿಮೆಯ ದಾಖಲೆಗಳನ್ನು ಆಧರಿಸಿ 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಎರಡೂ ಕಾಯಿಲೆಗಳು ಒಟ್ಟಿಗಿರುವ ಸಾಧ್ಯತೆ ಸುಮಾರು 1.8 ಪಟ್ಟು ಇತ್ತು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2015ರ ವಿಶ್ಲೇಷಣೆಯಲ್ಲಿಯೂ ಬಹುತೇಕ ಅದೇ ಅಂಕಿ ಬಂತು. ಅಂದರೆ ನಿಮ್ಮ ತಮ್ಮನವರ ಸ್ಥಿತಿ ಅಪರೂಪದ್ದಲ್ಲ. ಆದರೆ ಒಟ್ಟಿಗೆ ಕಾಣಿಸಿಕೊಳ್ಳುವುದು ಬೇರೆ, ಒಂದರಿಂದ ಇನ್ನೊಂದು ಹುಟ್ಟುವುದು ಬೇರೆ. ವಿಡಿಯೊದವರು ದಾಟಿಹೋಗಿರುವ ಗೆರೆ ಇದೇ.

ಅನುಮಾನಿ

ಮೇಡಂ ಹೇಳಿದ ಆ ಗೆರೆಯ ಬಗ್ಗೆ ಇನ್ನಷ್ಟು ಹೇಳಬೇಕು, ಏಕೆಂದರೆ ವೈದ್ಯಕೀಯವು ಇದೇ ಗೆರೆಯನ್ನು ಹಿಂದೊಮ್ಮೆ ದಾಟಿ ಸಾವಿರಾರು ಜನರನ್ನು ಬೊಚ್ಚುಬಾಯಿಯವರನ್ನಾಗಿ ಮಾಡಿದೆ.

ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ಅವರು 1910ರಲ್ಲಿ ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಭಾಷಣ ಮಾಡುತ್ತಾ, ಕೊಳೆತ ಹಲ್ಲುಗಳ ಮೇಲೆ ಚಿನ್ನದ ಕಿರೀಟ ಕೂರಿಸುವ ದಂತವೈದ್ಯರನ್ನು ಕಟುವಾಗಿ ಟೀಕಿಸಿ, ದೇಹದ ಅನೇಕ ದೀರ್ಘಕಾಲದ ಕಾಯಿಲೆಗಳ ಮೂಲ ಬಾಯಿಯ ಸೋಂಕಿನಲ್ಲಿದೆ ಎಂದು ವಾದಿಸಿದರು. ಅಮೆರಿಕದ ಶಿಕಾಗೊದಲ್ಲಿ ಫ್ರಾಂಕ್ ಬಿಲ್ಲಿಂಗ್ಸ್ ಇದೇ ವಿಚಾರವನ್ನು ಬೆಳೆಸಿದರು. ಮುಂದಿನ ಎರಡು ಮೂರು ದಶಕಗಳ ಕಾಲ ಸಂಧಿವಾತವೆಂದು ಹೋದವರ ಹಲ್ಲುಗಳನ್ನೂ ಟಾನ್ಸಿಲ್‌ಗಳನ್ನೂ ಕೀಳುವುದು ಮರ್ಯಾದಸ್ಥ ಚಿಕಿತ್ಸೆಯಾಗಿತ್ತು. ಕೀಲುಗಳು ಮಾತ್ರ ಹಾಗೆಯೇ ಉಳಿದವು. ಕೊನೆಗೆ, ಮೊದಲು ಈ ಸಿದ್ಧಾಂತದ ಪರವಾಗಿದ್ದ ರಸೆಲ್ ಸೆಸಿಲ್ ಅವರೇ ಆಂಜೆವೈನ್ ಅವರೊಡನೆ 200 ಸಂಧಿವಾತ ರೋಗಿಗಳ ವಿವರಗಳನ್ನು ಪರಿಶೀಲಿಸಿ, 1938ರಲ್ಲಿ ಹಿಂದೆ ಸರಿದರು. ಇಂದಿನ ವಿಡಿಯೊದವರು ಅದೇ ಹಳೆಯ ಸರಕಿಗೆ ಡಿಎನ್‌ಎ ಎಂಬ ಹೊಸ ಚೀಟಿ ಅಂಟಿಸಿದ್ದಾರೆ.

1.8 ಪಟ್ಟು ಎಂಬ ಅಂಕಿಗೂ ಬೇರೆ ವಿವರಣೆಗಳಿವೆ. ಬೀಡಿ, ಸಿಗರೇಟು ವಸಡಿನ ಮೂಳೆಯನ್ನೂ ಹಾಳುಮಾಡುತ್ತವೆ, ಎಎಸ್ ಇರುವವರ ಬೆನ್ನುಮೂಳೆಯಲ್ಲಿ ಹೊಸ ಮೂಳೆ ಬೆಳೆದು ಬೆಸೆದುಕೊಳ್ಳುವುದನ್ನೂ ಹೆಚ್ಚಿಸುತ್ತವೆ; ಎರಡು ಕಾಯಿಲೆಗಳಿಗೂ ಮೂರನೆಯದೊಂದು ಕಾರಣವಿದ್ದಾಗ ಅವು ಜೊತೆಯಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಇನ್ನು, ಭುಜ ಎತ್ತಲಾಗದ, ಕುತ್ತಿಗೆ ತಿರುಗಿಸಲಾಗದ ಮನುಷ್ಯ ಹಿಂದಿನ ದವಡೆ ಹಲ್ಲುಗಳನ್ನು ಚೆನ್ನಾಗಿ ಉಜ್ಜುವುದಾದರೂ ಹೇಗೆ? ಅಲ್ಲಿ ಕಾಯಿಲೆಯೇ ವಸಡಿನ ರೋಗಕ್ಕೆ ದಾರಿ ಮಾಡಿಕೊಟ್ಟಂತಾಯಿತು.

2016ರಲ್ಲಿ ನ್ಯೂಜಿಲೆಂಡ್ ಮತ್ತು ಕೆನಡಾದ ಸಂಶೋಧಕರು ಪ್ರಕಟಿಸಿದ ಅಧ್ಯಯನವನ್ನು ಯಾರೂ ವಿಡಿಯೊದಲ್ಲಿ ಹೇಳುವುದಿಲ್ಲ. ಬೆನ್ನುಮೂಳೆಯ ಉರಿಯೂತದ 17 ರೋಗಿಗಳನ್ನೂ 22 ಆರೋಗ್ಯವಂತರನ್ನೂ ಪರೀಕ್ಷಿಸಿದಾಗ, ವಸಡಿನ ರೋಗ ರೋಗಿಗಳಲ್ಲಿ ಸ್ಪಷ್ಟವಾಗಿ ಹೆಚ್ಚಿತ್ತು. ಆದರೆ ಹಲ್ಲಿನ ಪಾಚಿಯಲ್ಲಿದ್ದ ಬ್ಯಾಕ್ಟೀರಿಯಾಗಳ ಸಮುದಾಯವನ್ನು ಜೀನ್ ಓದಿ ಹೋಲಿಸಿದಾಗ ಎರಡು ಗುಂಪುಗಳ ನಡುವೆ ವ್ಯತ್ಯಾಸ ಸಿಗಲಿಲ್ಲ. ಇದೇ ಅಪರಾಧಿ ಎಂದು ಬೆರಳು ತೋರಬಹುದಾದ ಒಂದು ಜಾತಿಯೂ ಸಿಗಲಿಲ್ಲ.

ಸೂಕ್ಷ್ಮಾಣು_ಬೆಂಗಳೂರು

ಅನುಮಾನಿಯವರ ಇತಿಹಾಸ ಸರಿಯಾಗಿದೆ. 17 ಜನರ ಅಧ್ಯಯನವನ್ನು ಮಾತ್ರ ಅಷ್ಟು ದೂರ ಎಳೆಯಬಾರದು. ಯಾವ ಬ್ಯಾಕ್ಟೀರಿಯಾ ಇದೆ ಎಂಬುದನ್ನು ಆ ಪರೀಕ್ಷೆ ಹೇಳುತ್ತದೆ, ಅದು ಅಲ್ಲಿ ಏನು ಮಾಡುತ್ತಿದೆ ಎಂಬುದನ್ನು ಹೇಳುವುದಿಲ್ಲ; ಆ ಲೇಖಕರೇ ಈ ಮಿತಿಯನ್ನು ಬರೆದಿದ್ದಾರೆ.

ಗೊಂದಲಕ್ಕೆ ಮುಖ್ಯ ಕಾರಣ, ಇನ್ನೊಂದು ಕೀಲುರೋಗವಾದ ರುಮಟಾಯ್ಡ್ ಸಂಧಿವಾತದ ಸಂಶೋಧನೆಯನ್ನು ಎತ್ತಿ ಎಎಸ್ ಮೇಲೆ ಇಟ್ಟುಬಿಡುವುದು. ಪಾರ್ಫಿರೊಮೊನಾಸ್ ಜಿಂಜಿವಾಲಿಸ್ ಬಳಿ ಪ್ರೋಟೀನುಗಳಲ್ಲಿರುವ ಆರ್ಜಿನೀನನ್ನು ಸಿಟ್ರುಲೀನ್ ಆಗಿ ಮಾರ್ಪಡಿಸುವ ಕಿಣ್ವವಿದೆ. ಅಗ್ರಿಗ್ಯಾಟಿಬ್ಯಾಕ್ಟರ್ ಆಕ್ಟಿನೊಮೈಸಿಟೆಮ್‌ಕಾಮಿಟನ್ಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ತನ್ನ ವಿಷದಿಂದ ಬಿಳಿ ರಕ್ತಕಣಗಳಲ್ಲಿ ಇದೇ ಬದಲಾವಣೆಯನ್ನು ವಿಪರೀತವಾಗಿ ಮಾಡಿಸುತ್ತದೆ ಎಂದು 2016ರಲ್ಲಿ ತೋರಿಸಲಾಯಿತು. ಹೀಗೆ ರೂಪ ಬದಲಾದ ಪ್ರೋಟೀನುಗಳ ವಿರುದ್ಧ ಹುಟ್ಟುವ ಪ್ರತಿಕಾಯವನ್ನೇ ನಾವು ಆಂಟಿ-ಸಿಸಿಪಿ ಪರೀಕ್ಷೆಯಲ್ಲಿ ನೋಡುವುದು. ರುಮಟಾಯ್ಡ್‌ನಲ್ಲಿ ಈ ಸರಪಳಿ ಅರ್ಥವಾಗುತ್ತದೆ. ಎಎಸ್‌ನಲ್ಲಿ ಸಾಮಾನ್ಯವಾಗಿ ಆಂಟಿ-ಸಿಸಿಪಿಯೇ ಇರುವುದಿಲ್ಲ. ಆದ್ದರಿಂದ ಆ ದಾರಿ ಇಲ್ಲಿ ಮುಚ್ಚಿದೆ ಎಂದೇ ಹೇಳಬೇಕು.

ಹಾಗೆಂದು ಎಎಸ್‌ಗೂ ಬ್ಯಾಕ್ಟೀರಿಯಾಗಳಿಗೂ ಸಂಬಂಧವಿಲ್ಲವೆನ್ನಲಾಗದು. 1973ರಲ್ಲಿ ಲಂಡನ್ ಮತ್ತು ಲಾಸ್ ಏಂಜಲೀಸ್‌ನ ಎರಡು ತಂಡಗಳು ಎಚ್‌ಎಲ್‌ಎ-ಬಿ27 ನಂಟನ್ನು ಪ್ರಕಟಿಸಿದವು. ಆದರೆ ಈ ಜೀನ್ ಹೊತ್ತವರಲ್ಲಿ ನೂರಕ್ಕೆ ಕೆಲವರಿಗೆ ಮಾತ್ರ ಕಾಯಿಲೆ ಬರುತ್ತದೆ. ಜೀನಿನ ಜೊತೆಗೆ ಇನ್ನೇನು ಬೇಕು ಎಂಬ ಪ್ರಶ್ನೆಗೆ ಉತ್ತರದ ಸುಳಿವು ಸಿಕ್ಕಿದ್ದು ಇಲಿಗಳಲ್ಲಿ. ಮನುಷ್ಯನ ಬಿ27 ಜೀನ್ ಸೇರಿಸಿದ ಇಲಿಗಳಿಗೆ ಕರುಳಿನಲ್ಲೂ ಕೀಲುಗಳಲ್ಲೂ ಉರಿಯೂತ ಬರುತ್ತಿತ್ತು. ಅದೇ ಇಲಿಗಳನ್ನು ಹುಟ್ಟಿನಿಂದ ಒಂದು ಬ್ಯಾಕ್ಟೀರಿಯಾವೂ ಸೋಕದಂತೆ ಸಾಕಿದಾಗ ಕರುಳೂ ಕೀಲುಗಳೂ ಶಾಂತವಾಗಿದ್ದವು. ಇದು ವರದಿಯಾದದ್ದು 1994ರಲ್ಲಿ. ಬೆಲ್ಜಿಯಮ್‌ನ ಗೆಂಟ್ ನಗರದ ವೈದ್ಯರು ಬೆನ್ನುಮೂಳೆಯ ಸಂಧಿವಾತದ ರೋಗಿಗಳ ಕರುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಹೊಟ್ಟೆಯ ದೂರೇ ಇಲ್ಲದವರನ್ನೂ ಸೇರಿಸಿ ಸುಮಾರು ಅರ್ಧದಷ್ಟು ಜನರಲ್ಲಿ ಉರಿಯೂತ ಕಂಡರು.

ಬಾಯಿ ಇಲ್ಲಿಗೆ ಬರುವುದು ಕರುಳಿನ ಮೂಲಕ. ದಿನಕ್ಕೆ ಒಂದು ಲೀಟರಿನಷ್ಟು, ಕೆಲವರಲ್ಲಿ ಇನ್ನೂ ಹೆಚ್ಚು ಜೊಲ್ಲನ್ನು ನಾವು ನುಂಗುತ್ತೇವೆ. ಅದರೊಡನೆ ಹೋಗುವ ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಜಠರದ ಆಮ್ಲದಲ್ಲಿ ಸಾಯುತ್ತವೆ, ಉಳಿದವಕ್ಕೆ ಆರೋಗ್ಯವಂತ ಕರುಳಿನಲ್ಲಿ ನೆಲೆ ಸಿಗುವುದಿಲ್ಲ. ಆದರೆ ಜಪಾನಿನ ಸಂಶೋಧಕರು 2017ರಲ್ಲಿ, ಕ್ರೋನ್ಸ್ ಎಂಬ ಕರುಳಿನ ಉರಿಯೂತದ ರೋಗಿಯ ಜೊಲ್ಲಿನಲ್ಲಿದ್ದ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಇಲಿಯ ಕರುಳಿನಲ್ಲಿ ನೆಲೆಯೂರಿ ಉರಿಯೂತ ಎಬ್ಬಿಸಬಲ್ಲದು ಎಂದು ತೋರಿಸಿದರು. 2020ರಲ್ಲಿ ಮಿಶಿಗನ್‌ನ ತಂಡವು, ಇಲಿಗಳ ವಸಡಿನಲ್ಲಿ ರೋಗ ಉಂಟುಮಾಡಿದಾಗ ಬಾಯಿಯಲ್ಲಿ ಇಂಥ ಬ್ಯಾಕ್ಟೀರಿಯಾಗಳು ಹೆಚ್ಚುವುದನ್ನೂ, ಅವುಗಳಿಂದ ಅಲ್ಲಿ ತಯಾರಾದ, ಐಎಲ್-17 ಎಂಬ ಸಂಕೇತದ ಪ್ರೋಟೀನನ್ನು ಹೊರಸೂಸುವ ಟಿಎಚ್-17 ರೋಗನಿರೋಧಕ ಕಣಗಳು ಕರುಳಿಗೆ ಹೋಗಿ ಸೇರುವುದನ್ನೂ ಕಂಡಿತು. ಎಎಸ್‌ನ ಉರಿಯೂತದಲ್ಲಿ ಐಎಲ್-17 ಮುಖ್ಯ ಪಾತ್ರಧಾರಿ ಎಂಬುದನ್ನು ನೆನೆದರೆ ಈ ಸಾಲು ಕುತೂಹಲ ಹುಟ್ಟಿಸುತ್ತದೆ.

ಶಿರಸಿಯ_ಅಣ್ಣ

ಕ್ಲೆಬ್ಸಿಯೆಲ್ಲಾ ಎಂಬ ಹೆಸರು ವಿಡಿಯೊದಲ್ಲಿಯೂ ಬರುತ್ತದೆ ಸರ್. ಅದಕ್ಕಾಗಿ ಅನ್ನ, ಆಲೂಗಡ್ಡೆ ಬಿಡಬೇಕು ಎನ್ನುತ್ತಾರೆ. ಹಾಗಾದರೆ ಬಾಯಿಯಿಂದ ಕರುಳು, ಕರುಳಿನಿಂದ ಬೆನ್ನು ಎಂಬುದು ಸಾಬೀತಾದಂತೆ ಆಗಲಿಲ್ಲವೇ?

ಸೂಕ್ಷ್ಮಾಣು_ಬೆಂಗಳೂರು

ಆಗಲಿಲ್ಲ. 2017 ಮತ್ತು 2020ರ ಎರಡೂ ಪ್ರಯೋಗಗಳು ಕರುಳಿನ ಉರಿಯೂತದ ಬಗ್ಗೆ ಇವೆ, ಅವು ನಡೆದದ್ದು ಇಲಿಗಳಲ್ಲಿ, ಬೆನ್ನುಮೂಳೆಯನ್ನು ಅವು ಪರೀಕ್ಷಿಸಿಲ್ಲ. ಕ್ಲೆಬ್ಸಿಯೆಲ್ಲಾಕ್ಕೂ ಎಎಸ್‌ಗೂ ನಂಟು ಹೂಡಿದವರು ಲಂಡನ್ನಿನ ಅಲನ್ ಎಬ್ರಿಂಗರ್. ಅದು 1970ರ ದಶಕದ ವಾದ. ಪಿಷ್ಟ ಬಿಟ್ಟರೆ ಕರುಳಿನ ಕ್ಲೆಬ್ಸಿಯೆಲ್ಲಾ ಕಡಿಮೆಯಾಗಿ ಕಾಯಿಲೆ ತಗ್ಗುತ್ತದೆ ಎಂಬ ಆಹಾರ ಪದ್ಧತಿ ಅಲ್ಲಿಂದ ಬಂದದ್ದು. ಚಿಕಿತ್ಸೆಯ ಮಾರ್ಗಸೂಚಿಗಳಲ್ಲಿ ಅದಕ್ಕೆ ಸ್ಥಾನ ದೊರೆತಿಲ್ಲ. ತಮ್ಮನವರು ಅನ್ನ ಬಿಡಬೇಕಾದ ಅಗತ್ಯವಿಲ್ಲ.

ರುಮಟಾಲಜಿ_ಪಿಜಿ

ಸಿಆರ್‌ಪಿಯ ವಿಷಯದಲ್ಲಿ ಒಂದು ಅಳತೆಯನ್ನು ಕೊಡುತ್ತೇನೆ, ಇದರಿಂದ ಪ್ರಮಾಣದ ಅಂದಾಜು ಸಿಗುತ್ತದೆ. ವಸಡಿನ ರೋಗವಿರುವವರ ಸಿಆರ್‌ಪಿ ಇಲ್ಲದವರಿಗಿಂತ ಸರಾಸರಿ ಲೀಟರಿಗೆ ಸುಮಾರು 1.5 ಮಿಲಿಗ್ರಾಂ ಹೆಚ್ಚಿರುತ್ತದೆ ಮತ್ತು ವಸಡಿನ ಚಿಕಿತ್ಸೆಯ ನಂತರ ಅದು ಸುಮಾರು ಅರ್ಧ ಮಿಲಿಗ್ರಾಂ ಇಳಿಯುತ್ತದೆ ಎಂದು 2008ರ ಒಂದು ವಿಶ್ಲೇಷಣೆ ಲೆಕ್ಕ ಹಾಕಿತ್ತು. ಇವರು ಎಎಸ್ ರೋಗಿಗಳಲ್ಲ, ಸಾಮಾನ್ಯ ಜನ. ಎಎಸ್ ಕೆರಳಿದಾಗ ಸಿಆರ್‌ಪಿ 20, 30 ಆಗುವುದನ್ನು ನಾವು ವಾರ್ಡಿನಲ್ಲಿ ಮಾಮೂಲಾಗಿ ನೋಡುತ್ತೇವೆ. ಅಂಥ ಏರಿಕೆಯನ್ನು ವಸಡಿನ ತಲೆಗೆ ಕಟ್ಟಲಾಗದು. ಆದರೆ ಬೆನ್ನು ಶಾಂತವಾಗಿದ್ದು, ಸಿಆರ್‌ಪಿ ಮಾತ್ರ ಗಡಿಯಿಂದ ಸ್ವಲ್ಪ ಮೇಲೆ ನಿಂತುಬಿಟ್ಟಿರುವ ರೋಗಿಯಲ್ಲಿ ಬಾಯಿ ತೆರೆಸಿ ನೋಡುವುದು ಜಾಣತನ. ಕಾಯಿಲೆಯ ತೀವ್ರತೆಯನ್ನು ಅಳೆಯಲು ನಾವು ಬಳಸುವ ಎಎಸ್‌ಡಿಎಎಸ್ ಅಂಕದಲ್ಲಿ ಬೆನ್ನುನೋವು, ಬೆಳಗಿನ ಬಿಗಿತದ ಜೊತೆಗೆ ಸಿಆರ್‌ಪಿಯೂ ಸೇರುತ್ತದೆ. ಹುಳುಕು ಹಲ್ಲಿನ ಕೀವು ಏರಿಸಿದ ಸಿಆರ್‌ಪಿಯನ್ನು ಬೆನ್ನಿನ ಲೆಕ್ಕಕ್ಕೆ ಬರೆದು ಔಷಧ ಬದಲಿಸಿದರೆ ಅದು ತಪ್ಪು ನಿರ್ಧಾರವಾಗುತ್ತದೆ.

ಚುಚ್ಚುಮದ್ದು ನಿಲ್ಲಿಸುವ ಮಾತಂತೂ ಬೇಡವೇ ಬೇಡ. ನಿಲ್ಲಿಸಿದವರಲ್ಲಿ ಬಹುಪಾಲು ಜನರಿಗೆ ಕೆಲವೇ ತಿಂಗಳುಗಳಲ್ಲಿ ಕಾಯಿಲೆ ಮರುಕಳಿಸುತ್ತದೆ.

ಮಂಗಳೂರು_ಹಳೇರೋಗಿ

ನನ್ನ ಕುತ್ತಿಗೆ ಪೂರ್ತಿ ಬೆಸೆದುಕೊಂಡಿದೆ. ಸಿದ್ಧಾಂತದ ಚರ್ಚೆ ಚೆನ್ನಾಗಿದೆ, ಆದರೆ ನಮ್ಮಂಥವರಿಗೆ ದಂತವೈದ್ಯರ ಕುರ್ಚಿಯೇ ಮೊದಲ ತೊಡಕು ಎಂಬುದನ್ನು ಯಾರೂ ಹೇಳಲಿಲ್ಲ.

ಕುರ್ಚಿಯನ್ನು ಹಿಂದಕ್ಕೆ ಒರಗಿಸಿದಾಗ ಸಾಮಾನ್ಯ ಜನರ ತಲೆ ಹಿಂದಿನ ದಿಂಬಿಗೆ ತಾಗುತ್ತದೆ. ನನ್ನ ತಲೆ ಗಾಳಿಯಲ್ಲಿ ನಿಲ್ಲುತ್ತದೆ. ಅದನ್ನು ತಿಳಿಯದ ಸಹಾಯಕರು ಹಣೆಯ ಮೇಲೆ ಕೈಯಿಟ್ಟು ಒತ್ತಲು ಬಂದದ್ದುಂಟು. ಬೆಸೆದ ಕುತ್ತಿಗೆಯ ಮೂಳೆ ಗಟ್ಟಿಯಾಗಿ ಕಂಡರೂ ಒಳಗೆ ಟೊಳ್ಳಾಗಿರುತ್ತದೆ, ಸಣ್ಣ ಪೆಟ್ಟಿಗೂ ಮುರಿಯಬಹುದು, ಮುರಿದರೆ ನರಹುರಿಗೆ ಅಪಾಯ. ಆದ್ದರಿಂದ ಈಗ ನಾನು ಎರಡು ಸಣ್ಣ ದಿಂಬುಗಳನ್ನು ಮನೆಯಿಂದಲೇ ಒಯ್ಯುತ್ತೇನೆ. ಒಂದು ತಲೆಯ ಕೆಳಗೆ, ಇನ್ನೊಂದು ಸೊಂಟದ ಹಿಂದೆ. ಕುರ್ಚಿಯನ್ನು ಅರ್ಧಕ್ಕಿಂತ ಹೆಚ್ಚು ಒರಗಿಸಬಾರದೆಂದು ಕುಳಿತುಕೊಳ್ಳುವ ಮೊದಲೇ ಹೇಳುತ್ತೇನೆ. ಬೆಳಗಿನ ಬಿಗಿತ ಇಳಿದ ಮೇಲೆ, ಅಂದರೆ ಮಧ್ಯಾಹ್ನದ ಹೊತ್ತಿಗೆ ಸಮಯ ಕೇಳುತ್ತೇನೆ. ಒಂದೇ ಸಲ ಇಡೀ ಬಾಯಿಯ ಕೆಲಸ ಬೇಡ, ಕಾಲು ಭಾಗದಂತೆ ಮಾಡಿ ಎನ್ನುತ್ತೇನೆ, ಏಕೆಂದರೆ ದವಡೆಯ ಕೀಲಿಗೂ ಈ ಕಾಯಿಲೆ ತಾಗುವುದರಿಂದ ನನಗೆ ತುಂಬ ಹೊತ್ತು ಬಾಯಿ ತೆರೆದಿರಲಾಗದು. ನೀರು ಗಂಟಲಿಗೆ ಇಳಿದಾಗ ತಲೆ ಎತ್ತಿ ಉಗುಳಲೂ ಆಗುವುದಿಲ್ಲ, ಹಾಗಾಗಿ ನೀರೆಳೆಯುವ ನಳಿಕೆಯನ್ನು ಬಾಯಿಂದ ತೆಗೆಯದಂತೆ ಕೇಳಿಕೊಳ್ಳಬೇಕು.

ಮನೆಯಲ್ಲಿ, ಭುಜ ಏಳದ ದಿನಗಳಲ್ಲಿ ಬ್ಯಾಟರಿ ಬ್ರಷ್ಷು ದೊಡ್ಡ ಉಪಕಾರ. ಮೊಣಕೈಯನ್ನು ಬೇಸಿನ್ನಿನ ಅಂಚಿಗೆ ಊರಿಕೊಂಡು ಉಜ್ಜಿದರೆ ಹಿಂದಿನ ಹಲ್ಲುಗಳೂ ಸಿಗುತ್ತವೆ.

ದಂತವೈದ್ಯೆ_ಧಾರವಾಡ

ಹಿರಿಯರು ಬರೆದದ್ದನ್ನು ನಮ್ಮ ವಿದ್ಯಾರ್ಥಿಗಳಿಗೆ ಓದಿ ಹೇಳಬೇಕೆನಿಸಿತು.

ಔಷಧಗಳ ವಿಷಯ ಬಾಕಿ ಇದೆ. ಮಾತ್ರೆ ಮತ್ತು ಚುಚ್ಚುಮದ್ದುಗಳ ಚೀಟಿಯನ್ನು ದಂತವೈದ್ಯರಿಗೆ ತೋರಿಸಲೇಬೇಕು. ನೋವಿನ ಮಾತ್ರೆಗಳಿಂದ ರಕ್ತಸ್ರಾವ ಸ್ವಲ್ಪ ಹೆಚ್ಚಬಹುದು. ಮೂಳೆ ಸವೆತಕ್ಕೆ ಜೋಲೆಡ್ರೊನೇಟ್, ಅಲೆಂಡ್ರೊನೇಟ್ ಅಥವಾ ಡೆನೊಸುಮ್ಯಾಬ್ ಪಡೆದವರಲ್ಲಿ ಹಲ್ಲು ಕಿತ್ತ ಜಾಗದ ದವಡೆ ಮೂಳೆ ಅಪರೂಪಕ್ಕೆ ಮಾಯದೆ ಉಳಿಯುತ್ತದೆ, ಆದ್ದರಿಂದ ಕೀಳುವ ಮೊದಲು ಅದು ನಮಗೆ ಗೊತ್ತಿರಬೇಕು. ಅಡಾಲಿಮುಮ್ಯಾಬ್ ಪಡೆಯುವವರು ಮಾಮೂಲು ಕ್ಲೀನಿಂಗ್‌ಗಾಗಿ ಸಾಮಾನ್ಯವಾಗಿ ಡೋಸ್ ತಪ್ಪಿಸಬೇಕಾಗಿಲ್ಲ. ಕೀವು ತುಂಬಿದ್ದರೆ ಅಥವಾ ದೊಡ್ಡ ಶಸ್ತ್ರಚಿಕಿತ್ಸೆ ಇದ್ದರೆ ರುಮಟಾಲಜಿಸ್ಟರನ್ನು (ಕೀಲುರೋಗ ತಜ್ಞರನ್ನು) ಕೇಳಿಯೇ ಮುಂದುವರಿಯಬೇಕು. ಸೆಕುಕಿನುಮ್ಯಾಬ್‌ನಂತಹ ಐಎಲ್-17 ತಡೆಯುವ ಔಷಧದಲ್ಲಿರುವವರ ನಾಲಗೆಯ ಮೇಲೆ ಬಿಳಿ ಪೊರೆ ಕಂಡರೆ ಅದು ಕ್ಯಾಂಡಿಡಾ ಬೂಸ್ಟು ಆಗಿರಬಹುದು, ಏಕೆಂದರೆ ಬಾಯಿಯಲ್ಲಿ ಆ ಬೂಸ್ಟನ್ನು ಅಂಕೆಯಲ್ಲಿಡುವ ಕೆಲಸವೂ ಐಎಲ್-17ರದ್ದೇ.

ಎಎಸ್ ಕೆಲವರಲ್ಲಿ ಹೃದಯದ ಮಹಾಪಧಮನಿಯ ಕವಾಟವನ್ನು ಸಡಿಲಗೊಳಿಸುತ್ತದೆ. ಹೀಗೆ ಕೃತಕ ಕವಾಟ ಹಾಕಿಸಿಕೊಂಡವರು ವಸಡಿನ ಚಿಕಿತ್ಸೆಗೆ ಮೊದಲು ಆಂಟಿಬಯಾಟಿಕ್ ತೆಗೆದುಕೊಳ್ಳಬೇಕು. ಸೊಂಟದ ಕೀಲು ಬದಲಿಸಿಕೊಂಡವರಿಗೆ ಅದು ಈಗ ವಾಡಿಕೆಯಂತೆ ಬೇಕಿಲ್ಲ.

ಹಾಸನದ_ಓದುಗ

ನನಗೂ ಎಎಸ್ ಇದೆ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂದು ಮನೆಯಲ್ಲಿ ತಡೆಯುತ್ತಿದ್ದಾರೆ. ನನಗೆ ರಕ್ತವೇನೂ ಬರುವುದಿಲ್ಲ, ಗುಟ್ಕಾ ಮತ್ತು ಸಿಗರೇಟು ಅಭ್ಯಾಸವಿದೆ. ಮೌತ್‌ವಾಶ್ ಸಾಕಾಗುವುದಿಲ್ಲವೇ?

ದಂತವೈದ್ಯೆ_ಧಾರವಾಡ

ತಂಬಾಕು ವಸಡಿನ ರಕ್ತನಾಳಗಳನ್ನು ಬಿಗಿಗೊಳಿಸುವುದರಿಂದ ರೋಗ ಆಳವಾಗಿದ್ದರೂ ರಕ್ತ ಕಾಣದೆ ಹೋಗಬಹುದು. ರಕ್ತ ಬರದಿರುವುದನ್ನು ನಂಬಿ ಕೂರಬೇಡಿ, ಒಮ್ಮೆ ಪ್ರೋಬ್ ಹಾಕಿಸಿ ಅಳೆಸಿಕೊಳ್ಳಿ. ಗುಟ್ಕಾದ ಅಡಿಕೆಯಿಂದ ಬಾಯಿ ತೆರೆಯುವುದೇ ಕಡಿಮೆಯಾಗುವ ಇನ್ನೊಂದು ಕಾಯಿಲೆ ಬರುತ್ತದೆ. ದವಡೆಯ ಕೀಲು ಮೊದಲೇ ಬಿಗಿದಿರುವ ಎಎಸ್ ರೋಗಿಗೆ ಎರಡೂ ಸೇರಿದರೆ ಮುಂದೆ ಚಿಕಿತ್ಸೆಗೆ ಕೈ ಹಾಕಲೂ ಜಾಗವಿರುವುದಿಲ್ಲ.

ಕ್ಲೀನಿಂಗ್ ಹಲ್ಲನ್ನು ಸಡಿಲಗೊಳಿಸುವುದಿಲ್ಲ. ಮೂಳೆ ಕರಗಿ ಹಲ್ಲು ಮೊದಲೇ ಸಡಿಲವಾಗಿರುತ್ತದೆ, ಸುತ್ತ ಕಟ್ಟಿದ ಗಟ್ಟಿ ಪಾಚಿ ಅದನ್ನು ಮರೆಮಾಡಿರುತ್ತದೆ. ಪಾಚಿ ಹೋಗಿ ಊತ ಇಳಿದ ಮೇಲೆ ಸಂದುಗಳು ಕಾಣುತ್ತವೆ, ಕೆಲವು ದಿನ ತಣ್ಣೀರು ಜುಮ್ಮೆನ್ನುತ್ತದೆ. ರಾಜ್ಯದ ಡೆಂಟಲ್ ಕಾಲೇಜುಗಳ ಹೊರರೋಗಿ ವಿಭಾಗಗಳಲ್ಲಿ ಈ ಕೆಲಸ ಖಾಸಗಿ ಕ್ಲಿನಿಕ್ಕಿಗಿಂತ ಬಹಳ ಕಡಿಮೆ ಖರ್ಚಿನಲ್ಲಿ ಆಗುತ್ತದೆ. ವಿದ್ಯಾರ್ಥಿಗಳು ಮಾಡುವುದರಿಂದ ಹೊತ್ತು ಹಿಡಿಯುತ್ತದೆ, ಆದರೆ ಅಧ್ಯಾಪಕರು ಪರಿಶೀಲಿಸುತ್ತಾರೆ.

ಮೌತ್‌ವಾಶ್ 4 ಮಿ.ಮೀ. ಆಳದ ಸಂದಿನೊಳಗೆ ಇಳಿಯುವುದಿಲ್ಲ, ಗಟ್ಟಿಯಾದ ಪಾಚಿಯನ್ನು ಕರಗಿಸುವುದೂ ಇಲ್ಲ. ಕ್ಲೋರ್‌ಹೆಕ್ಸಿಡಿನ್ ಕೊಟ್ಟರೆ ಒಂದೆರಡು ವಾರಕ್ಕೆಂದು ಕೊಡುತ್ತೇವೆ. ಅದಕ್ಕಿಂತ ಹೆಚ್ಚು ಕಾಲ ಬಳಸಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ, ರುಚಿಯೂ ಕೆಡುತ್ತದೆ. ಶಿರಸಿಯವರೇ, ತಮ್ಮನವರ ಪ್ರೋಬ್ ಅಳತೆಗಳ ಚಾರ್ಟಿನ ಒಂದು ಪ್ರತಿ ಕೇಳಿ ಪಡೆದುಕೊಳ್ಳಿ. ಆಳದ ಕ್ಲೀನಿಂಗ್ ಮುಗಿದು ಎರಡು ಮೂರು ತಿಂಗಳ ನಂತರ ಮತ್ತೆ ಅಳೆದಾಗ ಹೋಲಿಸಲು ಅದು ಬೇಕಾಗುತ್ತದೆ, ಅದರ ಪ್ರತಿಯನ್ನು ರುಮಟಾಲಜಿಸ್ಟರ ಫೈಲಿನಲ್ಲಿಯೂ ಸೇರಿಸಿ.